ನೀಲಿ ಟೋಪಿ ಹಾಕುವ ಮುನ್ನ

ವಿಶ್ವಸಂಸ್ಥೆಗೆ ಸ್ವಂತ ಸೈನ್ಯ ಅಂತ ಒಂದಿಲ್ಲ. ಮಕ್ಕಳೇ, ಈ ಮಾತನ್ನು ಮೊದಲು ತಲೆಗೆ ಹಾಕಿಕೊಳ್ಳಿ, ಉಳಿದದ್ದು ಆಮೇಲೆ. "ಯುಎನ್ ಆರ್ಮಿಗೆ ಸೇರೋದು ಹೇಗೆ ಅಂಕಲ್, ಡಾಲರ್‌ನಲ್ಲಿ ಸಂಬಳ ಅಂತೆ" ಎಂದು ಪೀಣ್ಯದ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ. ಹಾವೇರಿ, ಬಾಗಲಕೋಟೆ, ರಾಯಚೂರಿನ ಕಡೆಯಿಂದ ಬಂದು ಸಿಎನ್‌ಸಿ ಯಂತ್ರದ ಮುಂದೆ ಪಾಳಿ ಮೇಲೆ ಪಾಳಿ ನಿಲ್ಲುವವರು, ಬೆಳಗಿನ ಜಾವ ಎದ್ದು ಸೇನಾ ಭರ್ತಿಗೆಂದು ಓಡುವವರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯವರು ಕೇಳುವ ಧಾಟಿಯೇ ಬೇರೆ. ಕೋಡ್ ಬರೆದು ಬರೆದು ಸಾಕಾಗಿದೆ, ಯಾರಿಗಾದರೂ ಉಪಯೋಗಕ್ಕೆ ಬರುವ ಕೆಲಸ ಬೇಕು, ಆಫ್ರಿಕಾದ ಮಿಷನ್ ಒಂದಕ್ಕೆ ಹೋದರೆ ಹೇಗೆ ಎನ್ನುತ್ತಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ತಂತ್ರಜ್ಞನಾಗಿದ್ದವನು. ಕಾಂಗೋದ ಗೋಮಾದಲ್ಲಿ ನಮ್ಮ ತುಕಡಿಯೊಂದಿಗೆ ಇದ್ದು ಬಂದವನು. ಈಗ ಮನೆ ಜಾಲಹಳ್ಳಿಯಲ್ಲಿ, ಕೆಲಸ ಪೀಣ್ಯದ ಕಾರ್ಖಾನೆಯೊಂದರಲ್ಲಿ, ಬಿಡಿಭಾಗಗಳ ಅಳತೆ ನೋಡುವುದು.

ನೀಲಿ ಟೋಪಿ ಹಾಕುವ ಶಾಂತಿಪಾಲನಾ ಪಡೆಯ ಸೈನಿಕನನ್ನು ವಿಶ್ವಸಂಸ್ಥೆ ನೇಮಿಸಿಕೊಳ್ಳುವುದಿಲ್ಲ. ಅವನನ್ನು ಕಳಿಸುವುದು ಅವನ ದೇಶ. ಮೊದಲು ಭಾರತೀಯ ಸೇನೆ ಸೇರಬೇಕು. ನಿಮ್ಮ ಘಟಕಕ್ಕೆ ಸರದಿ ಬಂದು, ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಿ, ತರಬೇತಿ ಮುಗಿದ ಮೇಲೆ ಹೊರಡಬಹುದು. ಬಹುತೇಕ ಸೈನಿಕರಿಗೆ ಆ ಸರದಿ ಬರುವುದೇ ಇಲ್ಲ. ಪೊಲೀಸರಿಗೆ ಇನ್ನೊಂದು ದಾರಿಯಿದೆ. ಕೆಲವು ವರ್ಷ ಸೇವೆ ಸಲ್ಲಿಸಿದ ಮೇಲೆ ಕೇಂದ್ರ ಗೃಹ ಸಚಿವಾಲಯದ ಮೂಲಕ ಆಯ್ಕೆ, ಅದಕ್ಕೆ ಇಂಗ್ಲಿಷ್, ವಾಹನ ಚಾಲನೆ, ಗುಂಡು ಹಾರಿಸುವ ಪರೀಕ್ಷೆ. ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ "ಯುಎನ್ ಸೋಲ್ಜರ್" ಆಗುವ ದಾರಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಈಗ ಹಣದ ಲೆಕ್ಕಕ್ಕೆ ಬರೋಣ, ನಿಮಗೆ ಬೇಕಾಗಿರುವುದು ಅದೇ. 2022ರ ಜುಲೈನಲ್ಲಿ ಗೊತ್ತುಮಾಡಿದ ದರದಂತೆ ಒಬ್ಬ ಸೈನಿಕನಿಗೆ ತಿಂಗಳಿಗೆ 1,448 ಡಾಲರ್ ಲೆಕ್ಕದಲ್ಲಿ ವಿಶ್ವಸಂಸ್ಥೆ ಕೊಡುತ್ತದೆ. ಕೊಡುವುದು ಸರ್ಕಾರಕ್ಕೆ, ಸೈನಿಕನ ಕೈಗಲ್ಲ. ಐರ್ಲೆಂಡಿನ ಸೈನಿಕನಿಗೂ ನೇಪಾಳದ ಸೈನಿಕನಿಗೂ ಅದೇ ದರ. ಸಂಬಳ ಹೆಚ್ಚಿರುವ ದೇಶಕ್ಕೆ ಅದು ನಷ್ಟ, ಕಡಿಮೆ ಇರುವ ದೇಶಕ್ಕೆ ಲಾಭ. ನೇಪಾಳ, ರುವಾಂಡಾ, ಬಾಂಗ್ಲಾದೇಶಗಳು ಯಾಕೆ ಅಷ್ಟೊಂದು ಜನರನ್ನು ಕಳಿಸುತ್ತವೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಯಂತ್ರಗಳಿಗೆ ಬೇರೆ ಬಾಡಿಗೆ. ಪೀಣ್ಯದಲ್ಲಿ ಜೆಸಿಬಿಯನ್ನು ರಿಪೇರಿ ಸಮೇತ ಕೊಟ್ಟರೆ ಒಂದು ದರ, ಬರೀ ಗಾಡಿ ಕೊಟ್ಟರೆ ಇನ್ನೊಂದು ದರ ಇರುತ್ತದಲ್ಲ, ಅಲ್ಲಿಯೂ ಹಾಗೆಯೇ. ಅವರು ವೆಟ್ ಲೀಸ್, ಡ್ರೈ ಲೀಸ್ ಎನ್ನುತ್ತಾರೆ. ಗಾಡಿ ಕೆಟ್ಟು ನಿಂತರೆ ಬಾಡಿಗೆ ಕಡಿತ. ಆದ್ದರಿಂದಲೇ ನಮ್ಮಂಥ ತಂತ್ರಜ್ಞರಿಗೆ ಅಲ್ಲಿ ರಾತ್ರಿಯೂ ಹಗಲೇ.

ಸೈನಿಕನ ಕೈಗೆ ವಿಶ್ವಸಂಸ್ಥೆಯಿಂದ ನೇರವಾಗಿ ಬರುವುದು ದಿನಕ್ಕೆ 1.28 ಡಾಲರ್ ಭತ್ಯೆ. ಉಳಿದದ್ದು ನಮ್ಮ ಸರ್ಕಾರ ತನ್ನ ನಿಯಮದಂತೆ ಕೊಡುವ ಸಂಬಳ ಮತ್ತು ವಿದೇಶ ಭತ್ಯೆ. ಅದು ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. ನಮ್ಮ ತುಕಡಿಯಲ್ಲಿ ಆ ದುಡ್ಡಿನಿಂದ ಸೈಟು ಕೊಂಡವರಿದ್ದರು, ತಂಗಿಯ ಮದುವೆ ಮಾಡಿದವರಿದ್ದರು. ಆದರೆ ಅದು ಒಮ್ಮೆ ಬರುವ ಹಣ. ಅದನ್ನೇ ನಂಬಿ ಗೃಹಸಾಲ ತೆಗೆದವರು ಹಿಂದಿರುಗಿದ ಮೇಲೆ ಕಂತಿಗೆ ಒದ್ದಾಡಿದ್ದನ್ನೂ ಕಂಡಿದ್ದೇನೆ.

ಕರ್ನಾಟಕದವರಿಗೆ ಈ ಕೆಲಸ ಹೊಸದಲ್ಲ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು ನೀವು ಸೇನಾ ಮುಖ್ಯಸ್ಥರಾಗಿ ಮಾತ್ರ ಬಲ್ಲಿರಿ. ಕೊರಿಯಾ ಯುದ್ಧ ನಿಂತಾಗ ತಾಯ್ನಾಡಿಗೆ ಹೋಗಲೊಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಉಳಿದುಹೋಗಿತ್ತು. ಅದನ್ನು ಬಗೆಹರಿಸಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. 1953ರಲ್ಲಿ ಅದರ ಅಧ್ಯಕ್ಷರಾದವರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದ ಪಡೆಯೂ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದು ಎಂದು ಹಟ ಹಿಡಿದರು. ಹಾಗಾಗಿ ನಮ್ಮವರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾಮುಕ್ತ ವಲಯದಲ್ಲಿ ಇಳಿಸಬೇಕಾಯಿತು. ಶಾಂತಿ ಕಾಯಲು ಹೋದವನಿಗೆ ಸಿಗುವ ಸ್ವಾಗತ ಇದು. ಶಿಬಿರಗಳಲ್ಲಿ ಗಲಭೆಗಳಾದವು. ಕೈದಿಗಳ ಮನಸ್ಸು ತಿರುಗಿಸಲು ಎರಡೂ ಪಾಳೆಯಗಳು ಹಟ ಹಿಡಿದಿದ್ದವು, ತಿಮ್ಮಯ್ಯನವರ ಮೇಲೆ ಇಬ್ಬರಿಗೂ ಅಸಮಾಧಾನ. ಕೈದಿಗಳ ಮೇಲೆ ಬಲ ಪ್ರಯೋಗಿಸುವುದಿಲ್ಲ ಎಂಬ ತಮ್ಮ ನಿಲುವನ್ನು ಅವರು ಬಿಡಲಿಲ್ಲ.

ಸೇನೆಯಿಂದ 1961ರಲ್ಲಿ ನಿವೃತ್ತರಾದ ಮೇಲೆ ಕೊಡಗಿನ ಮನೆಯಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. 1964ರ ಜುಲೈನಲ್ಲಿ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್‌ಗೆ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಹೋದರು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿ ಇರುವಾಗಲೇ, ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. 59 ವರ್ಷ. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಆ ದ್ವೀಪ ಇಂದಿಗೂ ಎರಡು ಹೋಳಾಗಿಯೇ ಇದೆ, ವಿಶ್ವಸಂಸ್ಥೆಯ ಪಡೆ ಇನ್ನೂ ಅಲ್ಲಿಂದ ಕದಲಿಲ್ಲ. ಅಂದರೆ ಅವರ ಜೀವ ವ್ಯರ್ಥವಾಯಿತೇ ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದಳು. ಇಲ್ಲಮ್ಮ. ಜಗಳ ಬಗೆಹರಿಸುವುದು ರಾಜಕಾರಣಿಗಳ ಕೆಲಸ. ಅವರು ಬಗೆಹರಿಸುವ ತನಕ ಎರಡೂ ಕಡೆಯ ಮಕ್ಕಳು ಶಾಲೆಗೆ ಹೋಗುವಂತೆ ನೋಡಿಕೊಳ್ಳುವುದು ನೀಲಿ ಟೋಪಿಯ ಕೆಲಸ. ಅದಕ್ಕಿಂತ ದೊಡ್ಡದನ್ನು ಅದರಿಂದ ಬಯಸಿ ಹೋದವನು ನಿರಾಶನಾಗಿ ಬರುತ್ತಾನೆ.

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ನಗರದ ಕಡೆಯ ತುದಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಯಿದೆ. 1946ರಲ್ಲಿ ಅಲ್ಲಿಗೆ ಸೇರಿದ ಹುಡುಗ ಗುರ್‌ಬಚನ್ ಸಿಂಗ್ ಸಲಾರಿಯಾ. ಮರುವರ್ಷ ಜಲಂಧರದ ಶಾಲೆಗೆ ಹೋದ. ಮುಂದೆ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಆಗಿ, 1961ರ ಡಿಸೆಂಬರ್ 5ರಂದು ಕಾಂಗೋದ ಎಲಿಜಬೆತ್‌ವಿಲ್‌ನಲ್ಲಿ ರಸ್ತೆ ತಡೆದು ಕುಳಿತಿದ್ದ ಬಂಡುಕೋರರ ದೊಡ್ಡ ಗುಂಪಿನ ಮೇಲೆ 16 ಗೂರ್ಖಾಗಳೊಂದಿಗೆ ನುಗ್ಗಿ ಪ್ರಾಣ ಕೊಟ್ಟ. 26 ವರ್ಷ, ನಿಮ್ಮಲ್ಲಿ ಅನೇಕರ ವಯಸ್ಸು. ವಿಶ್ವಸಂಸ್ಥೆಯ ಕಾರ್ಯಾಚರಣೆಯಲ್ಲಿ ಪರಮವೀರ ಚಕ್ರ ಪಡೆದವನು ಆತನೊಬ್ಬನೇ. ಆ ಒಂದು ಕಾಂಗೋ ಕಾರ್ಯಾಚರಣೆಯಲ್ಲೇ ನಾವು 39 ಮಂದಿಯನ್ನು ಕಳೆದುಕೊಂಡೆವು. ಒಟ್ಟಾರೆ ಇದುವರೆಗೆ 50ಕ್ಕೂ ಹೆಚ್ಚು ಕಾರ್ಯಾಚರಣೆಗಳಿಗೆ ಭಾರತ 2,90,000ಕ್ಕೂ ಹೆಚ್ಚು ಜನರನ್ನು ಕಳಿಸಿದೆ. ಹಿಂದಿರುಗದೆ ಉಳಿದವರು ಸುಮಾರು 180. ಬೇರೆ ಯಾವ ದೇಶವೂ ಇಷ್ಟು ಜೀವ ತೆತ್ತಿಲ್ಲ.

ಇಷ್ಟು ಕೊಟ್ಟ ದೇಶಕ್ಕೆ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಇನ್ನೂ ಸಿಕ್ಕಿಲ್ಲ. ಎಲ್ಲಿಗೆ ಪಡೆ ಹೋಗಬೇಕು, ಯಾವಾಗ ಗುಂಡು ಹಾರಿಸಬಹುದು, ಯಾವಾಗ ಕೂಡದು ಎಂಬ ಆದೇಶ ಬರೆಯುವ ಮೇಜಿನಲ್ಲಿ ಕಾಯಂ ಕುರ್ಚಿ ಇರುವ ಐವರಲ್ಲಿ ಕೆಲವರು ಕಳಿಸುವ ಸೈನಿಕರು ಬೆರಳೆಣಿಕೆಯಷ್ಟು. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ, ನಮ್ಮ ಸರ್ಕಾರಗಳು ಇದನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬೇಕು. ಆದರೆ ಕಾಯಂ ಕುರ್ಚಿ ಸಿಗಲಿಲ್ಲವೆಂದು ಗೋಮಾದಲ್ಲಿ ನಮ್ಮವರು ನಡೆಸುವ ಆಸ್ಪತ್ರೆ ಮುಚ್ಚಿಕೊಂಡು ಬರಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗೋಮಾ ಎಂದರೆ ನಿಮಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ, ಸ್ವಲ್ಪ ಹೇಳುತ್ತೇನೆ. ಊರಿನ ನೆತ್ತಿಯ ಮೇಲೆ ನ್ಯಿರಾಗೊಂಗೊ ಎಂಬ ಜ್ವಾಲಾಮುಖಿ, ರಾತ್ರಿ ಅದರ ಬಾಯಿ ಕೆಂಪಗೆ ಬೆಳಗುತ್ತದೆ. 2002ರಲ್ಲಿ ಅದು ಉಕ್ಕಿ ಲಾವಾ ಊರ ನಡುವೆಯೇ ಹರಿದು ವಿಮಾನ ನಿಲ್ದಾಣದ ರನ್‌ವೇಯ ಒಂದು ಭಾಗವನ್ನು ಮುಚ್ಚಿಹಾಕಿತ್ತು. ನಾವು ಅಲ್ಲಿದ್ದಾಗಲೂ ನೆಲವೆಲ್ಲ ಕರಿಗಲ್ಲಿನಂತೆ, ಚೂಪು ಚೂಪು. ಆ ಕಲ್ಲು ಪುಡಿಯಾಗಿ ಏಳುವ ಧೂಳು ಎಂಐ-17 ಹೆಲಿಕಾಪ್ಟರಿನ ಎಂಜಿನ್ ಬಾಯಿಗೆ ನುಗ್ಗುತ್ತಿತ್ತು. ಕೈಗೆ ಮೆತ್ತಿಕೊಂಡರೆ ಗ್ರೈಂಡಿಂಗ್ ಪೇಸ್ಟಿನ ಹಾಗೆ ಉಜ್ಜುತ್ತಿತ್ತು, ಉಗುರಿನ ಸಂದಿಯಿಂದ ಹೋಗುತ್ತಲೇ ಇರಲಿಲ್ಲ. ಬೀದಿಯಲ್ಲಿ ಹುಡುಗರು ಚುಕುಡು ಎಂಬ ಮರದ ಸ್ಕೂಟರಿನ ಮೇಲೆ ಇದ್ದಿಲು, ಆಲೂಗಡ್ಡೆ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಒಂದು ಕಾಲು ಒದೆಯುತ್ತ ಹೋಗುತ್ತಿದ್ದರು. ದುಡಿಯುವ ಜನ, ನಗುವ ಜನ.

ಅದೇ ಜನ 2008ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಕಚೇರಿಗಳಿಗೆ ಕಲ್ಲು ತೂರಿದರು. ಲಾರೆಂಟ್ ನ್‌ಕುಂಡಾನ ಬಂಡುಕೋರರು ಊರಿನ ಅಂಚಿಗೆ ಬಂದಿದ್ದರು, ಸರ್ಕಾರಿ ಸೈನ್ಯ ಓಡುತ್ತಿತ್ತು. "ನೀವಿದ್ದು ಏನು ಪ್ರಯೋಜನ" ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ನವೆಂಬರಿನಲ್ಲಿ ಕಿವಾಂಜಾ ಎಂಬ ಊರಿನಲ್ಲಿ ಬಂಡುಕೋರರು ಮನೆಮನೆ ಹುಡುಕಿ ಸುಮಾರು 150 ಜನರನ್ನು ಕೊಂದರು. ಅಲ್ಲಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಶಾಂತಿಪಡೆಯ ನೆಲೆ. ಅದರಲ್ಲಿದ್ದವರು ನಮ್ಮವರೇ, ಭಾರತೀಯರು. ಸಂಖ್ಯೆ ಕಡಿಮೆ, ಹೊಣೆ ಹಲವು, ಜನರ ಭಾಷೆ ಬಾರದು, ಯಾರು ಬಂಡುಕೋರ ಯಾರು ಊರವ ಎಂದು ತಿಳಿಯದು. ಕಾರಣಗಳು ನಿಜ. ಸತ್ತವರಿಗೆ ಕಾರಣಗಳಿಂದ ಏನೂ ಆಗುವುದಿಲ್ಲ. ಶಾಂತಿಪಾಲನೆಯ ಬೆಲೆ ಎಂದರೆ ಎಲ್ಲರೂ ಶವಪೆಟ್ಟಿಗೆಯನ್ನೇ ನೆನೆಯುತ್ತಾರೆ. ಜೀವಂತ ಹಿಂದಿರುಗಿದವನು ಹೊತ್ತು ತರುವ ಬೆಲೆ ಇದು: ಪಕ್ಕದಲ್ಲೇ ಇದ್ದೆ, ತಡೆಯಲಾಗಲಿಲ್ಲ. ಶಾಂತಿಪಡೆ ಇದ್ದೂ ನರಮೇಧ ನಡೆದ 1994ರ ರುವಾಂಡಾ, 1995ರ ಸ್ರೆಬ್ರೆನಿಕಾಗಳಿಂದ ಬಂದ ಸೈನಿಕರಲ್ಲಿ ಅನೇಕರು ಜೀವಮಾನವಿಡೀ ಇದನ್ನು ಹೊತ್ತರು. ಮನೆಯಲ್ಲಿ ಹೇಳಿಕೊಳ್ಳಲು ಆಗದ ಮಾತು ಇದು. ಹೋಗಿಬಂದ ಮಗ ಮಾತು ಕಡಿಮೆ ಮಾಡಿದರೆ, ನಿದ್ದೆಯಲ್ಲಿ ಬೆಚ್ಚಿದರೆ, ತಾಯಂದಿರೇ, ದೃಷ್ಟಿಯಾಗಿದೆ ಎಂದು ಸುಮ್ಮನಾಗಬೇಡಿ, ನಿಮ್ಹಾನ್ಸ್ ನಮ್ಮೂರಲ್ಲೇ ಇದೆ.

ಇನ್ನೊಂದು ಕಹಿಯನ್ನೂ ಮುಚ್ಚಿಡುವುದಿಲ್ಲ. ಶಾಂತಿಪಡೆಯವರು ಅಸಹಾಯಕ ಹೆಣ್ಣುಮಕ್ಕಳನ್ನು ದುರುಪಯೋಗ ಮಾಡಿಕೊಂಡ ಪ್ರಕರಣಗಳು ಹಲವು ದೇಶಗಳ ಪಡೆಗಳಲ್ಲಿ ನಡೆದಿವೆ. ಕಾಂಗೋದಲ್ಲಿದ್ದ ನಮ್ಮವರ ಮೇಲೂ ಆರೋಪ ಬಂದು ಸೇನೆ ತನಿಖೆ ನಡೆಸಿತು. ಬಂದೂಕು ಮತ್ತು ಡಬ್ಬಿ ಅನ್ನ ಎರಡೂ ನಿಮ್ಮ ಕೈಯಲ್ಲಿದ್ದು, ಎದುರಿನವರ ಕೈ ಖಾಲಿ ಇರುವ ಊರಿನಲ್ಲಿ ನೀವು ಹೇಗಿರುತ್ತೀರಿ ಎಂಬುದನ್ನು ಇಲ್ಲಿಯೇ, ಹೋಗುವ ಮುನ್ನವೇ ಗಟ್ಟಿಮಾಡಿಕೊಳ್ಳಬೇಕು.

ಹಾಗಾದರೆ ಪ್ರಯೋಜನವೇ ಇಲ್ಲವೇ? ಇದೆ, ಮತ್ತು ಅದು ಸಣ್ಣದಲ್ಲ. ಅಮೆರಿಕದ ವಿದ್ವಾಂಸೆ ಪೇಜ್ ಫೋರ್ಟ್ನಾ ಅಂತರ್ಯುದ್ಧ ನಿಂತ ದೇಶಗಳನ್ನು ಹೋಲಿಸಿ 2008ರಲ್ಲಿ ಪುಸ್ತಕ ಬರೆದರು. ಶಾಂತಿಪಡೆ ಇದ್ದ ಕಡೆ ಯುದ್ಧ ಮತ್ತೆ ಹೊತ್ತಿಕೊಳ್ಳುವ ಸಂಭವ ಬಹಳ ಕಡಿಮೆ ಎಂದು ಅದರಲ್ಲಿ ತೋರಿಸಿದ್ದಾರೆ. ಸಿಯೆರಾ ಲಿಯೋನ್ ನೋಡಿ. 2000ದಲ್ಲಿ ಅಲ್ಲಿನ ಕೈಲಾಹುನ್‌ನಲ್ಲಿ ಬಂಡುಕೋರರು ನಮ್ಮ 200ಕ್ಕೂ ಹೆಚ್ಚು ಸೈನಿಕರನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆ ಹಾಕಿ ಕೂಡಿಹಾಕಿದ್ದರು. ಜುಲೈನಲ್ಲಿ ಆಪರೇಷನ್ ಖುಕ್ರಿ ನಡೆಸಿ ಅವರನ್ನು ಬಿಡಿಸಿಕೊಂಡೆವು. ಆ ಕಾರ್ಯಾಚರಣೆಗೆ ಹೋಗಿದ್ದ ಹೆಲಿಕಾಪ್ಟರುಗಳಲ್ಲಿ ಚೇತಕ್‌ಗಳೂ ಇದ್ದವು. ವೈಟ್‌ಫೀಲ್ಡ್‌ಗೆ ಹೋಗುವ ಹಾದಿಯಲ್ಲಿ ನೀವು ದಿನಾ ದಾಟುವ ನಮ್ಮ ಎಚ್‌ಎಎಲ್ ಕಟ್ಟುತ್ತಿದ್ದ ಯಂತ್ರ ಅದು. 2005ರ ಕೊನೆಗೆ ವಿಶ್ವಸಂಸ್ಥೆಯ ಆ ಪಡೆ ಹಿಂದಿರುಗಿತು, ಬಂಡುಕೋರರು ಜನರ ಕೈ ಕಡಿಯುತ್ತಿದ್ದ ಆ ಯುದ್ಧ ಅಲ್ಲಿ ಮರಳಿಲ್ಲ. ಪಕ್ಕದ ಲೈಬೀರಿಯಾಕ್ಕೆ 2007ರಲ್ಲಿ ಹೋದ ನಮ್ಮ ಮಹಿಳಾ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಪೂರ್ತಿ ಮಹಿಳೆಯರ ಮೊದಲ ತುಕಡಿ. 2016ರಲ್ಲಿ ಅವರು ಹೊರಡುವ ಹೊತ್ತಿಗೆ ಲೈಬೀರಿಯಾದ ಭದ್ರತಾ ಪಡೆಗಳಲ್ಲಿ ಹೆಣ್ಣುಮಕ್ಕಳ ಪಾಲು ಶೇಕಡ 6ರಿಂದ 17ಕ್ಕೆ ಏರಿತ್ತು. ಸಮವಸ್ತ್ರ ತೊಟ್ಟ ಭಾರತದ ಹೆಣ್ಣುಮಕ್ಕಳು ಪಹರೆ ಕಾದದ್ದನ್ನು ಆ ದೇಶದ ಹುಡುಗಿಯರು ದಿನಾ ನೋಡಿದರು, ತಾವೂ ಸೇರಿದರು.

ಆದರೆ ಗಮನಿಸಿ: ಇದರ ಲಾಭವೆಲ್ಲ ನಿಮಗೆ ಹೆಸರೂ ಗೊತ್ತಿಲ್ಲದವರಿಗೆ, ನೀವು ಹಿಂದಿರುಗಿದ ಮೇಲೆ. ಖರ್ಚೆಲ್ಲ ನಿಮ್ಮ ಮನೆಯದು, ಈಗಲೇ. ಮಗುವಿನ ಮೊದಲ ಹೆಜ್ಜೆ ಫೋನಿನಲ್ಲಿ ನೋಡಬೇಕು. ಅಪ್ಪನಿಗೆ ಎದೆನೋವು ಬಂದರೆ ಆಂಬುಲೆನ್ಸ್‌ಗೆ ಪಕ್ಕದ ಮನೆಯವರು ಓಡಾಡಬೇಕು. ಮಲೇರಿಯಾ ಇದೆ. ಕಾಂಗೋದಲ್ಲಿ ಎಬೋಲಾ ಕೂಡ ಇತ್ತು. 2022ರ ಜುಲೈನಲ್ಲಿ ಅಲ್ಲಿನ ಬುಟೆಂಬೊದಲ್ಲಿ ಸತ್ತ ಇಬ್ಬರು ಬಿಎಸ್‌ಎಫ್ ಜವಾನರು ಬಂಡುಕೋರರೊಡನೆ ಯುದ್ಧ ಮಾಡುತ್ತಿರಲಿಲ್ಲ, ಶಾಂತಿಪಡೆಯ ವಿರುದ್ಧವೇ ಊರಿನ ಜನ ಎದ್ದಾಗ ನಡೆದ ಹಿಂಸೆಗೆ ಬಲಿಯಾದರು. ಈ ಖರ್ಚು ಕೊಟ್ಟು ಆ ಲಾಭ ಬೇರೆಯವರಿಗೆ ಆಗಲಿ ಎನ್ನುವ ಮನಸ್ಸಿದ್ದರೆ ಹೋಗಿ, ನಾನೇ ಹರಸಿ ಕಳಿಸುತ್ತೇನೆ. ಡಾಲರಿಗಾಗಿ, ನೀಲಿ ಟೋಪಿಯ ಫೋಟೊಗಾಗಿ, ಇಲ್ಲಿನ ಬೇಸರ ಕಳೆಯುವುದಕ್ಕಾಗಿ ಹೋಗಬೇಡಿ. ಅಂಥವರು ಎರಡನೇ ತಿಂಗಳಿಗೇ ಕ್ಯಾಲೆಂಡರಿನಲ್ಲಿ ಗೀಟು ಹಾಕತೊಡಗುತ್ತಾರೆ, ಪಕ್ಕದವನ ಕೆಲಸವನ್ನೂ ಕೆಡಿಸುತ್ತಾರೆ.

ಸಾಫ್ಟ್‌ವೇರಿನವರಿಗೆ ಬೇರೆಯದೇ ಬಾಗಿಲುಗಳಿವೆ. ಪ್ರತಿ ಕಾರ್ಯಾಚರಣೆಯಲ್ಲೂ ನಾಗರಿಕ ಸಿಬ್ಬಂದಿ ಇರುತ್ತಾರೆ: ನೆಟ್‌ವರ್ಕ್ ನೋಡುವವರು, ನಕ್ಷೆ ಮಾಡುವವರು, ವಿದ್ಯುತ್, ನೀರು, ಸರಬರಾಜಿನ ಎಂಜಿನಿಯರುಗಳು. ವಿಶ್ವಸಂಸ್ಥೆ ಸ್ವಯಂಸೇವಕರ ಯೋಜನೆ, ಅಂದರೆ ಯುಎನ್‌ವಿ, ಮೂಲಕವೂ ಹೋಗಬಹುದು. ಅದರಲ್ಲಿ ಸಿಗುವುದು ಜೀವನ ಭತ್ಯೆ, ನಿಮ್ಮ ಈಗಿನ ಪ್ಯಾಕೇಜಿನ ಹತ್ತಿರಕ್ಕೆ ಬರುತ್ತದೆಂದು ಎಣಿಸಬೇಡಿ. ಹೋಗದೆಯೂ ಸೇವೆ ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. ಅಪಾಯದ ಊರುಗಳಲ್ಲಿ ಶಾಂತಿಪಡೆಯವರಿಗೆ ಸುತ್ತಲಿನ ಪರಿಸ್ಥಿತಿಯನ್ನು ಕೂಡಲೇ ತೋರಿಸಲು ಯುನೈಟ್ ಅವೇರ್ ಎಂಬ ತಂತ್ರಾಂಶ ವ್ಯವಸ್ಥೆಯಿದೆ. ಅದನ್ನು ಕಾರ್ಯಾಚರಣೆಗಳಿಗೆ ತರಲು 2021ರಲ್ಲಿ ಭಾರತ 16.4 ಲಕ್ಷ ಡಾಲರ್ ಕೊಟ್ಟಿತು. ಕಿವಾಂಜಾದ ನೆಲೆಯಲ್ಲಿ ಅಂಥದ್ದೊಂದು ಇದ್ದಿದ್ದರೆ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ನಿಮ್ಮ ಕೈಯಲ್ಲಿರುವ ವಿದ್ಯೆಗೆ ಈ ಕ್ಷೇತ್ರದಲ್ಲಿ ನಿಜವಾದ ಕೆಲಸವಿದೆ.

ಹಾಗೆಂದು ಇಲ್ಲಿನ ಕೆಲಸಕ್ಕೆ ಇಂದೇ ರಾಜೀನಾಮೆ ಕೊಡಬೇಡಿ. ಶಾಂತಿಪಾಲನೆ ಈಗ ಕುಗ್ಗುವ ಕಾಲ. ಮಾಲಿ ದೇಶ ಹೊರಡಿ ಎಂದದ್ದಕ್ಕೆ 2023ರ ಕೊನೆಗೆ ಅಲ್ಲಿನ ಪಡೆ ಗಂಟುಮೂಟೆ ಕಟ್ಟಿತು. ನಮ್ಮವರು 1998ರಿಂದ ಇರುವ ಲೆಬನಾನ್ ಕಾರ್ಯಾಚರಣೆಗೆ 2026ರ ಡಿಸೆಂಬರ್ 31 ಕೊನೆಯ ದಿನವೆಂದು ಭದ್ರತಾ ಮಂಡಳಿ ತೀರ್ಮಾನಿಸಿದೆ. ದೊಡ್ಡ ದೇಶಗಳು ಬಾಕಿ ಕಟ್ಟದ ಕಾರಣ 2025ರ ಅಕ್ಟೋಬರಿನಲ್ಲಿ ಸುಮಾರು ಕಾಲುಭಾಗ ಶಾಂತಿಪಾಲಕರನ್ನು ಕಡಿತ ಮಾಡುವ ನಿರ್ಧಾರವಾಯಿತು. ಹುದ್ದೆ ಸಿಕ್ಕರೂ ಒಂದೆರಡು ವರ್ಷದ ಕರಾರು. ಹಿಂದಿರುಗಿದಾಗ ನಿಮ್ಮ ತಂತ್ರಜ್ಞಾನ ಎರಡು ಮೆಟ್ಟಿಲು ಮುಂದೆ ಹೋಗಿರುತ್ತದೆ, ಸಂದರ್ಶನದಲ್ಲಿ ಆ ಗ್ಯಾಪ್ ಯಾಕೆ ಎಂದು ಕೇಳುತ್ತಾರೆ. ಕೈಯಲ್ಲಿ ಒಂದು ವಿದ್ಯೆ ಗಟ್ಟಿಯಾದ ಮೇಲೆ, ಮೂರು ನಾಲ್ಕು ವರ್ಷ ಅನುಭವವಾದ ಮೇಲೆ, ಸಾಲ ತೀರಿದ ಮೇಲೆ ಹೊರಡಿ. ಅರೆಬರೆ ಕಲಿತವರಿಂದ ಅಲ್ಲಿಯ ಜನಕ್ಕೂ ಉಪಕಾರವಿಲ್ಲ.

ಇದನ್ನು ದಯವಿಟ್ಟು ಗೆಳೆಯರಿಗೂ ಹೇಳಿ: ನೇಮಕದ ಯಾವ ಹಂತದಲ್ಲೂ ವಿಶ್ವಸಂಸ್ಥೆ ಒಂದು ರೂಪಾಯಿ ಶುಲ್ಕ ಕೇಳುವುದಿಲ್ಲ. ವೀಸಾ ಖರ್ಚು, ತರಬೇತಿ ಠೇವಣಿ, ವೈದ್ಯಕೀಯ ಪರೀಕ್ಷೆಯ ಹಣ ಎಂದು ವಾಟ್ಸ್ಆ್ಯಪ್‌ನಲ್ಲಿ ನೀಲಿ ಲಾಂಛನದ ಪತ್ರ ಬಂದರೆ ಅದು ವಂಚನೆ. ನಮ್ಮ ಕಲಬುರಗಿ ಕಡೆಯ ಯುವಕರು ಸಹಾಯಕರ ಕೆಲಸವೆಂದು ಏಜೆಂಟರ ಮಾತು ನಂಬಿ ರಷ್ಯಾಗೆ ಹೋಗಿ, ಉಕ್ರೇನ್ ಯುದ್ಧದ ಮುಂಚೂಣಿಗೆ ತಳ್ಳಲ್ಪಟ್ಟು, 2024ರಲ್ಲಿ ಮನೆಗೆ ಬಂದು ಸೇರುವ ತನಕ ಅವರ ತಾಯಂದಿರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದಿದೆ. ಪರದೇಶದ ಯುದ್ಧದ ನೆಲಕ್ಕೆ ಏಜೆಂಟನೊಬ್ಬ ದಾರಿ ತೋರಿಸಿದರೆ ಕಾಲು ಹಿಂದೆ ತೆಗೆಯಿರಿ.

ವೈಟ್‌ಫೀಲ್ಡ್‌ನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ ಶುಕ್ರವಾರ ರಾತ್ರಿ ಕಾರು ಹತ್ತಿ ಕೊಡಗಿಗೆ ಹೋಗುವವರು ನೀವು. ಮುಂದಿನ ಸಲ ಹೋದಾಗ ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿಸೈಡ್‌ಗೆ ಒಂದು ಗಂಟೆ ಕೊಡಿ, 2021ರಿಂದ ಅದು ಸಾರ್ವಜನಿಕ ವಸ್ತುಸಂಗ್ರಹಾಲಯ. ಆಮೇಲೆ ಅಪ್ಪ ಅಮ್ಮನ ಜೊತೆ, ಮದುವೆಯಾಗಿದ್ದರೆ ಜೋಡಿಯ ಜೊತೆ ಕೂತು ಇಲ್ಲಿ ಹೇಳಿದ ಖರ್ಚನ್ನೆಲ್ಲ ಬಿಡದೆ ಓದಿ ಹೇಳಿ. ಅವರು ಒಪ್ಪಿದರೆ, ನಿಮ್ಮ ಮನಸ್ಸೂ ಗಟ್ಟಿ ಇದ್ದರೆ, ಮೊದಲು ಫ್ರೆಂಚ್ ಕಲಿಯಿರಿ. ಕಾಂಗೋದಂಥ ದೇಶಗಳಲ್ಲಿ ಫ್ರೆಂಚ್ ಬಾರದವನು ಅರ್ಧ ಮೂಗ. ವಸಂತನಗರದ ಅಲಯನ್ಸ್ ಫ್ರಾನ್ಸೇಸ್‌ನಲ್ಲಿ ತರಗತಿಗಳಿವೆ. ಅರ್ಜಿ ಹಾಕುವುದಕ್ಕೆ ಮೊದಲು ಅಲ್ಲಿ ಹೆಸರು ಬರೆಸಿ.